ಉತ್ತರದ ಚೌಕದಲ್ಲಿ ಕನ್ನಡ ಕೂರುವುದು ಹೇಗೆ?

ಮಾನ್ಯ ಸಂಪಾದಕರೇ,

ಕಳೆದ ವರ್ಷ ಮಳೆಗಾಲ ಹಿಡಿಯುವ ಮುನ್ನ ನಮ್ಮೂರಿನ ತೋಟವೊಂದರಲ್ಲಿ ನಡೆದ ಸಣ್ಣ ಪ್ರಸಂಗವೇ ಈ ಪತ್ರಕ್ಕೆ ಕಾರಣ. ಬೆಂಗಳೂರಿನ ಕೆಲಸ ಬಿಟ್ಟು ತಂದೆಯ ಅಡಿಕೆ ತೋಟ ನೋಡಿಕೊಳ್ಳಲು ಬಂದಿರುವ ನೆರೆಮನೆಯ ಯುವಕ, ಕೊಳೆರೋಗಕ್ಕೆ ಮದ್ದು ಹೊಡೆಸುವ ದಿನ, ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಬೆರೆಸಿ ಮಾಡುವ ಬೋರ್ಡೋ ದ್ರಾವಣದ ಪ್ರಮಾಣ ಎಷ್ಟೆಂದು ಮೊಬೈಲಿನಲ್ಲಿ ಗೂಗಲನ್ನು ಕೇಳಿದ. ಫಲಿತಾಂಶಗಳೆಲ್ಲದರ ನೆತ್ತಿಯ ಮೇಲೆ ಒಂದು ಚೌಕ ಮೂಡಿತು. 1 ಕಿಲೊ ಮೈಲುತುತ್ತ, 1 ಕಿಲೊ ಸುಣ್ಣ, 10 ಲೀಟರ್ ನೀರು ಎಂದು ಅದರಲ್ಲಿತ್ತು. ಅಷ್ಟನ್ನೇ ಓದಿಕೊಂಡು ಅವನು ನೀರು ಅಳೆಯಲು ಹೊರಟಾಗ, ಮರ ಹತ್ತಲು ಸಿದ್ಧನಾಗುತ್ತಿದ್ದ ಹಿರಿಯ ಕೊನೆಗೌಡ (ಅಡಿಕೆ ಕೊನೆ, ಅಂದರೆ ಗೊಂಚಲು, ಇಳಿಸುವವನು) ನಕ್ಕು, ‘ಸಣ್ಣಯ್ಯ, ಅದು ಮರದ ಗಾಯಕ್ಕೆ ಹಚ್ಚೋ ಪೇಸ್ಟಿನ ಲೆಕ್ಕ. ಅಡಿಕೆ ಕೊನೆಗೆ ಹೊಡೆಯೋಕೆ ನೂರು ಲೀಟರ್ ನೀರು ಬೇಕು’ ಎಂದ. ಪಂಪೂ ಉಳಿಯಿತು, ಮೈಲುತುತ್ತದ ದುಡ್ಡೂ ಉಳಿಯಿತು.

ಆಮೇಲೆ ಆ ಪುಟವನ್ನು ನಾನೇ ತೆರೆದು ನೋಡಿದೆ. ಪುಟದಲ್ಲಿ ಬರೆದದ್ದು ಸುಳ್ಳಲ್ಲ. ಶೇ 10ರ ಪೇಸ್ಟಿಗೆ ಆ ಪ್ರಮಾಣವೇ ಸರಿ. ಆದರೆ ‘ಪೇಸ್ಟ್’ ಎಂಬ ಮಾತು ಮೇಲಿನ ಶೀರ್ಷಿಕೆಯಲ್ಲಿ ಮಾತ್ರ ಇದ್ದು, ಅದರ ಕೆಳಗಿನ ವಾಕ್ಯಗಳಲ್ಲಿ ಎಲ್ಲಿಯೂ ಇರಲಿಲ್ಲ. ಯಂತ್ರ ಆ ವಾಕ್ಯಗಳನ್ನಷ್ಟೇ ಕತ್ತರಿಸಿಕೊಂಡು ಬಂದು ಚೌಕದಲ್ಲಿ ಇಟ್ಟಿತ್ತು. ಶೇ 1ರ ದ್ರಾವಣದ ಬಗ್ಗೆ ಕನ್ನಡದಲ್ಲಿ ಅಷ್ಟೇ ನೇರವಾಗಿ ಉತ್ತರಿಸುವ ಇನ್ನೊಂದು ಪುಟ ಅದಕ್ಕೆ ಸಿಕ್ಕಿರಲಿಲ್ಲ ಎಂದೇ ನಾನು ಭಾವಿಸುತ್ತೇನೆ. ಅಡಿಕೆ ಬೆಳೆಯುವವರಿಗೆ ಇದಕ್ಕಿಂತ ಸಾಮಾನ್ಯವಾದ ಪ್ರಶ್ನೆ ಬೇರೊಂದಿಲ್ಲ. ಅದಕ್ಕೇ ಕನ್ನಡದ ಸರಿಯಾದ ಉತ್ತರ ಸಿಗುವುದಿಲ್ಲವೆಂದರೆ ಕೊರತೆ ಯಂತ್ರದ್ದೋ ನಮ್ಮದೋ ಎಂದು ಯೋಚಿಸುವಂತಾಯಿತು.

ಈ ಚೌಕಕ್ಕೆ ಇಂಗ್ಲಿಷಿನಲ್ಲಿ ಫೀಚರ್ಡ್ ಸ್ನಿಪೆಟ್ ಎನ್ನುತ್ತಾರೆ. ನಾನು ಇದನ್ನು ಉತ್ತರದ ಚೌಕ ಎಂದು ಕರೆಯುತ್ತೇನೆ. 2014ರಿಂದ ಗೂಗಲ್ ಕೆಲವು ಪ್ರಶ್ನೆಗಳಿಗೆ ಕೊಂಡಿಗಳ ಪಟ್ಟಿಗಿಂತ ಮೇಲೆ, ಯಾವುದಾದರೊಂದು ಜಾಲಪುಟದಿಂದ ಆಯ್ದ ನಾಲ್ಕಾರು ಸಾಲುಗಳನ್ನೋ ಪಟ್ಟಿಯನ್ನೋ ಕೋಷ್ಟಕವನ್ನೋ ಹೀಗೆ ತೋರಿಸುತ್ತ ಬಂದಿದೆ. ಮೊಬೈಲಿಗೆ ಬಾಯಲ್ಲೇ ಪ್ರಶ್ನೆ ಕೇಳಿದರೆ ಅದು ಗಟ್ಟಿಯಾಗಿ ಓದಿ ಹೇಳುವುದೂ ಅನೇಕ ಸಲ ಇದೇ ಸಾಲುಗಳನ್ನು. ಕನ್ನಡದಲ್ಲಿ ಮಾತನಾಡಿ ಅಕ್ಷರ ಮೂಡಿಸುವ ಸೌಲಭ್ಯ 2017ರಲ್ಲಿ ಬಂದ ಮೇಲೆ, ಕೀಲಿಮಣೆಯ ಗೊಡವೆಯೇ ಬೇಡವೆನ್ನುವ ನನ್ನ ವಯಸ್ಸಿನ ಎಷ್ಟೋ ಮಂದಿ ಹೀಗೆಯೇ ಕೇಳುತ್ತಾರೆ. ಹಾಗೆ ಕೇಳಿದವರಿಗೆ ಹತ್ತು ಉತ್ತರಗಳನ್ನು ಹೋಲಿಸಿ ನೋಡುವ ಅವಕಾಶವಿಲ್ಲ. ಯಂತ್ರ ಓದಿದ ಒಂದೇ ಉತ್ತರ ಅವರ ಪಾಲಿಗೆ ಪರಮಸತ್ಯ.

ಈ ಚೌಕದ ಪರಿಚಯ ಕನ್ನಡಿಗರಿಗೆ ಆಗಬಾರದ ರೀತಿಯಲ್ಲಿ ಆಗಿತ್ತು. 2021ರ ಜೂನ್ ಮೊದಲ ವಾರದಲ್ಲಿ, ಭಾರತದ ಅತ್ಯಂತ ಕುರೂಪ ಭಾಷೆ ಯಾವುದು ಎಂದು ಇಂಗ್ಲಿಷಿನಲ್ಲಿ ಕೇಳಿದರೆ ಅದೇ ಚೌಕದಲ್ಲಿ ಕನ್ನಡದ ಹೆಸರು ಬರುತ್ತಿತ್ತು. ನಾಡಿನಾದ್ಯಂತ ಸಿಟ್ಟು ಹೊತ್ತಿಕೊಂಡಿತು. ಆಗ ಕನ್ನಡ ಮತ್ತು ಸಂಸ್ಕೃತಿ ಸಚಿವರಾಗಿದ್ದ ಅರವಿಂದ ಲಿಂಬಾವಳಿ ಅವರು ಕಾನೂನು ಕ್ರಮದ ಎಚ್ಚರಿಕೆ ಕೊಟ್ಟರು, ಎಚ್.ಡಿ. ಕುಮಾರಸ್ವಾಮಿ ಅವರು ಖಂಡಿಸಿದರು. ಗೂಗಲ್ ಆ ಫಲಿತಾಂಶವನ್ನು ತೆಗೆದು, ಅದು ತನ್ನ ಅಭಿಪ್ರಾಯವಲ್ಲವೆಂದು ತಿಳಿಸಿ ಕ್ಷಮೆ ಕೇಳಿತು. ಸಿಟ್ಟು ನ್ಯಾಯವಾದದ್ದೇ, ನಾನೂ ಸಿಟ್ಟಾಗಿದ್ದೆ. ಆದರೆ ಆ ಉತ್ತರ ಚೌಕಕ್ಕೆ ಹೇಗೆ ಏರಿತು ಎಂಬುದನ್ನು ಆ ಗದ್ದಲದಲ್ಲಿ ವಿಚಾರಿಸಿದವರು ಕಡಿಮೆ. ಭಾಷಾಶಾಸ್ತ್ರಕ್ಕೂ ತನಗೂ ಯಾವ ನಂಟೂ ಇಲ್ಲದ ಯಾವುದೋ ತಾಣವೊಂದು ಆ ಅವಿವೇಕದ ಪ್ರಶ್ನೆಯ ಮಾತುಗಳನ್ನೇ ಬಳಸಿಕೊಂಡು ನೇರವಾದ ಒಂದು ವಾಕ್ಯ ಬರೆದಿಟ್ಟಿತ್ತು. ಮರ್ಯಾದಸ್ಥರು ಯಾರೂ ಅಂಥ ಪ್ರಶ್ನೆಗೆ ಉತ್ತರ ಬರೆಯಲು ಕೂರುವುದಿಲ್ಲವಾದ್ದರಿಂದ ಅದಕ್ಕೆ ಎದುರಾಳಿಯೇ ಇರಲಿಲ್ಲ. ಪ್ರಶ್ನೆಗೆ ಹೊಂದುವ ಮಾತು ಎಲ್ಲಿದೆಯೆಂದು ಯಂತ್ರ ಹುಡುಕಿತು, ಸಿಕ್ಕಿದ್ದನ್ನು ಎತ್ತಿ ತೋರಿಸಿತು.

ಇಂಥ ಎಡವಟ್ಟು ಕನ್ನಡಕ್ಕೆ ಮಾತ್ರ ಆದದ್ದಲ್ಲ. ಸ್ನೂಪಿ ಎಂಬ ವ್ಯಂಗ್ಯಚಿತ್ರದ ನಾಯಿ ಅಬ್ರಹಾಂ ಲಿಂಕನ್ನರನ್ನು ಯಾವಾಗ ಕೊಂದಿತು ಎಂದು ಕೇಳಿದರೆ ತಾರೀಖು ಹೇಳಿಬಿಡುವಷ್ಟು ಮುಗ್ಧವಾಗಿತ್ತು ಆ ಯಂತ್ರ. 2022ರ ಆಗಸ್ಟಿನಲ್ಲಿ ಗೂಗಲ್ ಸ್ವತಃ ಈ ಉದಾಹರಣೆಯನ್ನು ಕೊಟ್ಟು, ಬುಡವೇ ಇಲ್ಲದ ಪ್ರಶ್ನೆಗಳನ್ನು ಗುರುತಿಸುವಂತೆ ಸುಧಾರಣೆ ಮಾಡಿರುವುದಾಗಿಯೂ ಅಂಥ ಪ್ರಶ್ನೆಗಳಿಗೆ ಚೌಕ ಮೂಡುವುದು ಶೇ 40ರಷ್ಟು ಕಡಿಮೆಯಾಗಿರುವುದಾಗಿಯೂ ಹೇಳಿತು. ಕೆಟ್ಟ ಪ್ರಶ್ನೆಗೆ ಬಾಯಿ ಮುಚ್ಚಿಕೊಂಡಿರುವುದನ್ನು ಯಂತ್ರಕ್ಕೆ ಕಲಿಸಬಹುದು. ಒಳ್ಳೆಯ ಪ್ರಶ್ನೆಗೆ ಒಳ್ಳೆಯ ಕನ್ನಡ ಉತ್ತರವನ್ನು ಬರೆದಿಡುವ ಕೆಲಸವಂತೂ ಅದರದ್ದಲ್ಲ.

ಹಾಗಾದರೆ ಆ ಚೌಕದಲ್ಲಿ ಜಾಗ ಸಿಗುವುದು ಹೇಗೆ? ನಾನು ತಂತ್ರಜ್ಞನಲ್ಲ. ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು. ತೋಟದ ಕೆಲಸದ ನಡುವೆ ಕೃಷಿಯ ಬಗ್ಗೆ ಒಂದು ಪುಟ್ಟ ಜಾಲತಾಣ ನಡೆಸುತ್ತೇನೆ. ಓದಿ ತಿಳಿದದ್ದನ್ನೂ ಮಾಡಿ ಕಲಿತದ್ದನ್ನೂ ಸೇರಿಸಿ ಹೇಳುವುದಾದರೆ, ಮೊದಲನೆಯದಾಗಿ ಆ ಜಾಗವನ್ನು ದುಡ್ಡು ಕೊಟ್ಟು ಕೊಳ್ಳಲು ಬರುವುದಿಲ್ಲ. ನನ್ನ ಪುಟವನ್ನೇ ಚೌಕದಲ್ಲಿಡು ಎಂದು ಸೂಚಿಸುವ ಯಾವ ಗುರುತೂ ಇಲ್ಲವೆಂದು ಗೂಗಲ್ ಸ್ಪಷ್ಟವಾಗಿಯೇ ಹೇಳಿದೆ. ಅದನ್ನು ಕೊಡಿಸುತ್ತೇವೆಂದು ದುಡ್ಡು ಕೇಳುವವರು ಫೋನು ಮಾಡಿದರೆ ಇಟ್ಟುಬಿಡುವುದು ಲೇಸು. ಹುಡುಕಾಟದ ಮೊದಲ ಪುಟದಲ್ಲಿ ಈಗಾಗಲೇ ಬರುತ್ತಿರುವ ಪುಟಗಳ ಪೈಕಿಯೇ ಬಹುಮಟ್ಟಿಗೆ ಈ ಆಯ್ಕೆ ನಡೆಯುತ್ತದೆ. ಅಲ್ಲಿ ಗೆಲ್ಲುವುದು ಪ್ರಶ್ನೆಯನ್ನು ಶೀರ್ಷಿಕೆಯಾಗಿ ಇಟ್ಟು, ಅದರ ಕೆಳಗೇ ಚಿಕ್ಕದಾಗಿ, ಪೂರ್ಣವಾಗಿ ಉತ್ತರ ಹೇಳಿ, ವಿವರಣೆಯನ್ನು ಆಮೇಲಕ್ಕೆ ಇಟ್ಟುಕೊಂಡ ಬರಹ.

ಕೇಳಲು ಇದು ಎಷ್ಟು ಸುಲಭವೋ ನನ್ನಂಥ ಮೇಷ್ಟರಿಗೆ ಅಷ್ಟೇ ಕಷ್ಟವಾಯಿತು. ಪ್ರಬಂಧವೆಂದರೆ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂದು ದಶಕಗಳ ಕಾಲ ಮಕ್ಕಳಿಗೆ ಬರೆಸಿದವನು ನಾನು; ಪೀಠಿಕೆ ಇಲ್ಲದ ಪ್ರಬಂಧಕ್ಕೆ ಅಂಕ ಕಡಿದವನೂ ನಾನೇ. ಬೋರ್ಡೋ ದ್ರಾವಣದ ಬಗ್ಗೆ ಬರೆಯುವಾಗಲೂ ಅದೇ ಚಾಳಿ. 1885ರಲ್ಲಿ ಫ್ರಾನ್ಸಿನ ದ್ರಾಕ್ಷಿ ತೋಟಗಳಿಗೆಂದು ಪ್ರಕಟವಾದ ಮದ್ದು ನಮ್ಮ ಕಡೆಗೆ ಬಂದ ಬಗೆ, ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ನರು ಅಡಿಕೆಯ ಕೊಳೆರೋಗವನ್ನು ಕುರಿತು 1910ರಲ್ಲಿ ಪ್ರಕಟಿಸಿದ ಬರಹ, ಹೀಗೆ ನಾಲ್ಕು ಪ್ಯಾರಾ ಮುಗಿದ ಮೇಲೆ ಪ್ರಮಾಣದ ಮಾತು ಬರುತ್ತಿತ್ತು. ಆ ಪುಟಕ್ಕೆ ಓದುಗರೇ ಇರಲಿಲ್ಲ. ನೆರೆಮನೆಯ ಪ್ರಸಂಗವಾದ ಮೇಲೆ, ಇತಿಹಾಸವನ್ನೆಲ್ಲ ಕೆಳಗೆ ತಳ್ಳಿ, ‘ಅಡಿಕೆಗೆ ಬೋರ್ಡೋ ದ್ರಾವಣ ತಯಾರಿಸುವುದು ಹೇಗೆ?’ ಎಂಬ ಶೀರ್ಷಿಕೆಯ ಕೆಳಗೆ ಮೊದಲಿಗೇ ಹೀಗೆ ಬರೆದೆ:

‘ಅಡಿಕೆ ಕೊನೆಗೆ ಸಿಂಪಡಿಸುವ ಶೇ 1ರ ಬೋರ್ಡೋ ದ್ರಾವಣಕ್ಕೆ 1 ಕಿಲೊ ಮೈಲುತುತ್ತ, 1 ಕಿಲೊ ಸುಣ್ಣ, ಒಟ್ಟು 100 ಲೀಟರ್ ನೀರು ಬೇಕು. ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ, ಸುಣ್ಣವನ್ನು ಇನ್ನೊಂದು 50 ಲೀಟರ್ ನೀರಿನಲ್ಲಿ ಬೇರೆ ಬೇರೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಸುರಿಯಬೇಕು. ತಯಾರಾದ ದಿನವೇ ಬಳಸಬೇಕು.’

ಹೆಚ್ಚುಕಡಿಮೆ 40 ಪದ. ಇಂಗ್ಲಿಷಿನವರು ಇಂಥ ಉತ್ತರಕ್ಕೆ 40ರಿಂದ 50 ಪದಗಳ ಲೆಕ್ಕ ಹೇಳುತ್ತಾರೆ. ನಮ್ಮಲ್ಲಿ ವಿಭಕ್ತಿ ಪ್ರತ್ಯಯಗಳು ಪದಕ್ಕೇ ಅಂಟಿಕೊಳ್ಳುವುದರಿಂದ ಅಷ್ಟೇ ವಿಷಯ ಇನ್ನೂ ಕಡಿಮೆ ಪದಗಳಲ್ಲಿ ಕೂರುತ್ತದೆ ಎಂಬುದು ನನ್ನ ಅನುಭವ. ‘ಕೊನೆಗೆ ಸಿಂಪಡಿಸುವ’ ಮತ್ತು ‘ಶೇ 1ರ’ ಎಂಬ ಮಾತುಗಳನ್ನು ಮೊದಲ ವಾಕ್ಯದೊಳಗೇ ಹೊಲಿದಿರುವುದನ್ನು ತಾವು ಗಮನಿಸಬೇಕು. ಯಂತ್ರ ಎಲ್ಲಿ ಕತ್ತರಿ ಹಾಕಿದರೂ ಆ ಷರತ್ತು ಉತ್ತರದ ಜೊತೆಗೇ ಹೋಗಬೇಕು. ಔಷಧದ ಪ್ರಮಾಣ, ಅರ್ಜಿಯ ಕೊನೆಯ ದಿನಾಂಕ, ಹಾವು ಕಚ್ಚಿದಾಗ ಮಾಡಬೇಕಾದದ್ದು ಇಂಥ ವಿಷಯಗಳಲ್ಲಿ ಷರತ್ತನ್ನು ಶೀರ್ಷಿಕೆಗೋ ಅಡಿಟಿಪ್ಪಣಿಗೋ ಬಿಟ್ಟುಬಿಡುವುದು ಅಪಾಯ. ಆ ಉತ್ತರದ ಕೆಳಗೆ ತಯಾರಿಯ ಹಂತಗಳನ್ನು ಅಂಕಿ ಹಾಕಿ ಒಂದೊಂದಾಗಿ ಕೊಟ್ಟೆ. ಲೋಹದ ಪಾತ್ರೆ ಬಳಸಬಾರದು. ಹದ ನೋಡಲು ಹೊಳೆಯುವ ಚಾಕುವಿನ ಅಲಗನ್ನು ದ್ರಾವಣದಲ್ಲಿ ಅದ್ದಬೇಕು, ಅಲಗಿನ ಮೇಲೆ ತಾಮ್ರದ ಕೆಂಪು ಬಣ್ಣ ಹತ್ತಿದರೆ ಸುಣ್ಣ ಸಾಲದೆಂದು ಅರ್ಥ. ಮೊದಲ ಸಿಂಪರಣೆ ಮಳೆಗೆ ಮುಂಚೆ, ಎರಡನೆಯದು ಸುಮಾರು 40–45 ದಿನ ಬಿಟ್ಟು. ಕೆಲವು ವಾರಗಳ ನಂತರ ಅದೇ ಯುವಕ ಓಡಿ ಬಂದು, ‘ಮೇಷ್ಟ್ರೇ, ಚೌಕದಲ್ಲಿ ನೀವೇ ಇದ್ದೀರಿ’ ಎಂದು ಮೊಬೈಲು ತೋರಿಸಿದ. ಒಂದು ತಿಂಗಳು ಇದ್ದು ಆಮೇಲೆ ಅದು ಬೇರೆ ಪುಟದ ಪಾಲಾಯಿತು, ಮತ್ತೆ ಬಂತು. ಆ ಜಾಗ ಯಾರಿಗೂ ಖಾಯಂ ಅಲ್ಲ.

ಪದಗಳ ವಿಷಯದಲ್ಲಿ ನನಗೆ ಇನ್ನೊಂದು ಪಾಠವಾಯಿತು. ಪುಟಕ್ಕೆ ಯಾವ ಯಾವ ಪ್ರಶ್ನೆಗಳಿಂದ ಜನ ಬರುತ್ತಾರೆ ಎಂಬುದನ್ನು ಗೂಗಲಿನ ಸರ್ಚ್ ಕನ್ಸೋಲ್ ಎಂಬ ಉಚಿತ ಸೌಲಭ್ಯ ತೋರಿಸುತ್ತದೆ. ನಾನು ಬರೆದದ್ದು ‘ಶಿಲೀಂಧ್ರನಾಶಕದ ಸಿಂಪರಣೆ’. ಜನ ಕೇಳಿದ್ದು ‘ಕೊಳೆ ಔಷಧಿ ಹೊಡೆಯುವುದು ಯಾವಾಗ’. ನಾನು ‘ತಾಮ್ರದ ಸಲ್ಫೇಟ್’ ಎಂದರೆ ಅವರು ‘ತುತ್ತ’ ಎನ್ನುತ್ತಾರೆ. ಬೋರ್ಡೋ ಎಂಬುದನ್ನೇ ನಾಲ್ಕು ಬಗೆಯಲ್ಲಿ ಬರೆಯುತ್ತಾರೆ. ನಮ್ಮ ಇಲಾಖೆಗಳ ಕನ್ನಡ ಮತ್ತು ವಿಶ್ವವಿದ್ಯಾಲಯಗಳ ಕನ್ನಡ ಎಷ್ಟೋ ಸಲ ಇಂಗ್ಲಿಷಿನ ನೆರಳಿನಲ್ಲಿ ಹುಟ್ಟಿದ್ದು. ಪ್ರಶ್ನೆ ಕೇಳುವವನ ಕನ್ನಡ ತೋಟದಲ್ಲಿ ಹುಟ್ಟಿದ್ದು. ಈ ಎರಡು ಕನ್ನಡಗಳು ಎದುರಾಗದೆ ಹೋದರೆ ಯಂತ್ರವೂ ಅವುಗಳಿಗೆ ಸಂಬಂಧ ಕಟ್ಟಲಾರದು. ವಿಪರ್ಯಾಸವೆಂದರೆ, ನಮ್ಮ ರೈತರ ‘ಕೊಳೆರೋಗ’ ಎಂಬ ಪದವನ್ನು ಹಾಗೆಯೇ ಎತ್ತಿಕೊಂಡು ಕೋಲ್ಮನ್ನರು ನೂರು ವರ್ಷಗಳ ಹಿಂದೆಯೇ ತಮ್ಮ ಇಂಗ್ಲಿಷ್ ಬರಹದ ಶೀರ್ಷಿಕೆಯಲ್ಲಿಟ್ಟರು. ಕಾಫಿಯ ಕಪ್ಪು ಕೊಳೆಗೆ ಕಾರಣವಾದ ಶಿಲೀಂಧ್ರದ ವೈಜ್ಞಾನಿಕ ಹೆಸರಿನಲ್ಲೂ ಆ ಪದ ಇದೆ. ಪರದೇಶದ ವಿಜ್ಞಾನಿಗೆ ಸಾಕಾದ ಪದ ನಮ್ಮ ಕರಪತ್ರಗಳಿಗೆ ಸಾಲದಾಗಿದೆ.

ಇನ್ನು ಅಕ್ಷರದ ತೊಡಕು. ಒಂದು ಸಂಸ್ಥೆಯವರು ಅಡಿಕೆ ರೋಗಗಳ ಬಗ್ಗೆ ಬಹಳ ಒಳ್ಳೆಯ ಕೈಪಿಡಿಯನ್ನು ತಮ್ಮ ತಾಣದಲ್ಲಿ ಹಾಕಿದ್ದಾರೆಂದು ತಿಳಿದು ತೆರೆದೆ. ಕಣ್ಣಿಗೆ ಮುದ್ದಾದ ಕನ್ನಡ. ಒಂದು ಸಾಲನ್ನು ನಕಲು ಮಾಡಿ ಬೇರೆಡೆ ಅಂಟಿಸಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಹಳೆಯ ಫಾಂಟುಗಳಲ್ಲಿ ಟೈಪಿಸಿದ ಕಡತವನ್ನು ಎಲ್ಲ ಯಂತ್ರಗಳೂ ಓದಬಲ್ಲ ಯೂನಿಕೋಡ್ ಸಂಕೇತಕ್ಕೆ ತರದೆ ಹಾಗೆಯೇ ಪಿಡಿಎಫ್ ಮಾಡಿದ್ದರ ಫಲ ಅದು. ಕನ್ನಡಕ್ಕೆ 1991ರ ಮೊದಲ ಯೂನಿಕೋಡ್ ಆವೃತ್ತಿಯಲ್ಲೇ ಸ್ಥಾನವಿತ್ತು. ಮೂರು ದಶಕ ಕಳೆದರೂ ನಮ್ಮ ತಿಳಿವಳಿಕೆಯ ದೊಡ್ಡ ಭಾಗ ಹೀಗೆ ಬೀಗ ಹಾಕಿಕೊಂಡು ಕೂತಿದೆ. ಆ ಕೈಪಿಡಿಯನ್ನು ಬರೆದ ವಿಜ್ಞಾನಿಗಳ ಶ್ರಮವೆಲ್ಲ ಯಂತ್ರದ ಪಾಲಿಗೆ ಇದ್ದೂ ಇಲ್ಲದಂತೆ. ಸುತ್ತೋಲೆಯನ್ನು ಮುದ್ರಿಸಿ, ಸಹಿ ಹಾಕಿ, ಫೋಟೊ ತೆಗೆದು ಏರಿಸುವ ಪದ್ಧತಿಯ ಬಗ್ಗೆ ನಾನು ಹೆಚ್ಚೇನೂ ಹೇಳುವುದಿಲ್ಲ.

ಈ ಖಾಲಿ ಜಾಗಕ್ಕೆ ಯಾರು ಬಂದು ಕೂತಿದ್ದಾರೆ ಎಂಬುದನ್ನು ತಾವೇ ಪರೀಕ್ಷಿಸಬಹುದು. 2023ರ ಆಗಸ್ಟಿನಲ್ಲಿ ಗೃಹಲಕ್ಷ್ಮಿ ಯೋಜನೆ ಜಾರಿಯಾದಾಗಿನಿಂದ ಆ 2000 ರೂಪಾಯಿ ಯಾವಾಗ ಬರುತ್ತದೆ, ಬಾರದಿದ್ದರೆ ಏನು ಮಾಡಬೇಕು ಎಂದು ಮನೆಮನೆಯ ಹೆಂಗಸರು ಮೊಬೈಲಿನಲ್ಲಿ ಕೇಳುತ್ತಿದ್ದಾರೆ. ಹುಡುಕಿದಾಗ ಎದುರಾಗುವ ಅನೇಕ ಪುಟಗಳು ‘ಬಂತು ನೋಡಿ ಹಣ’ ಎಂದು ಆರಂಭಿಸಿ, ಜಾಹೀರಾತುಗಳ ನಡುವೆ ಓದುಗರನ್ನು ಕೊನೆಯವರೆಗೆ ಅಲೆದಾಡಿಸಿ, ಏನನ್ನೂ ಹೇಳದೆ ಮುಗಿಯುತ್ತವೆ. ಮೈಮೇಲೆ ಜವಾಬ್ದಾರಿಯಿಲ್ಲದ ಇವರಿಗೆ ಪ್ರಶ್ನೆಯನ್ನು ಶೀರ್ಷಿಕೆ ಮಾಡುವ ವಿದ್ಯೆ ಗೊತ್ತಿದೆ. ಉತ್ತರ ಗೊತ್ತಿರುವ ಇಲಾಖೆಗೆ ಆ ವಿದ್ಯೆ ಗೊತ್ತಿಲ್ಲ. ಇಂಗ್ಲಿಷಿನಲ್ಲಿ ನಮ್ಮ ಜಿಲ್ಲೆಯ ಕಾಡೊಂದರ ಹೆಸರನ್ನೇ ಹೊತ್ತ ಮಂಗನ ಕಾಯಿಲೆಯೂ ಹಾಗೆಯೇ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಕಾಯಿಲೆ ಅದು. ಹರಡುವುದು ಉಣುಗಿನ ಕಡಿತದಿಂದ. ಅದು ಹೇಗೆ ಬರುತ್ತದೆ, ಮಂಗ ಸತ್ತದ್ದು ಕಂಡರೆ ಯಾರಿಗೆ ತಿಳಿಸಬೇಕು ಎಂಬುದಕ್ಕೆ ಮಲೆನಾಡಿನ ಕನ್ನಡದಲ್ಲಿ ನಾಲ್ಕು ಸಾಲಿನ ಅಧಿಕೃತ ಉತ್ತರ ಡಿಸೆಂಬರಿಗೆ ಮುಂಚೆ ಚೌಕದಲ್ಲಿ ಇರಬೇಕಾಗಿತ್ತು.

ಇಷ್ಟೆಲ್ಲ ತಮಗೆ ಬರೆಯಲು ಕಾರಣ, ಈ ಕೆಲಸಕ್ಕೆ ಕನ್ನಡ ಪತ್ರಿಕೆಗಳಷ್ಟು ತಯಾರಿ ಇರುವವರು ಬೇರೆ ಯಾರೂ ಇಲ್ಲವೆಂಬ ನನ್ನ ನಂಬಿಕೆ. ತಮ್ಮ ಕೃಷಿ ಪುರವಣಿಯಲ್ಲಿ, ಆರೋಗ್ಯ ಮತ್ತು ಕಾನೂನಿನ ಪ್ರಶ್ನೋತ್ತರ ಅಂಕಣಗಳಲ್ಲಿ ತಜ್ಞರು ಸರಳ ಕನ್ನಡದಲ್ಲಿ ಉತ್ತರಿಸುತ್ತಲೇ ಬಂದಿದ್ದಾರೆ. ಜಾಲತಾಣದಲ್ಲಿ ಮಾತ್ರ ಅವು ಐದಾರು ಪ್ರಶ್ನೆಗಳ ಒಂದೇ ಗಂಟಾಗಿ, ದಿನಾಂಕದ ಹಿಂದೆ ಅಡಗಿ ಕೂತಿರುತ್ತವೆ. ಶೀರ್ಷಿಕೆಗಳ ಬಗ್ಗೆಯೂ ಒಂದು ಮಾತು: ‘ಕೊಳೆಗೆ ಕಂಗೆಟ್ಟ ಕೃಷಿಕ’ ಎಂಬಂಥ ಪ್ರಾಸದ ಸೊಗಸಿಗೆ ಮನಸೋಲುವವರಲ್ಲಿ ನಾನೇ ಮೊದಲಿಗ, ಮುದ್ರಿತ ಪುಟದಲ್ಲಿ ಅದು ಇರಲಿ. ಆದರೆ ಯಂತ್ರಕ್ಕೆ ಪ್ರಾಸದ ರುಚಿ ತಿಳಿಯದು, ತೋಟದಲ್ಲಿ ನಿಂತು ಪ್ರಶ್ನೆ ಕೇಳುವವನಿಗೆ ಆ ಹೊತ್ತಿಗೆ ಅದು ಬೇಕಾಗಿಯೂ ಇಲ್ಲ.

ಪತ್ರಿಕೆಗೆ ಇದರಿಂದ ನಷ್ಟವಲ್ಲವೇ ಎಂಬ ಪ್ರಶ್ನೆ ತಮ್ಮ ಕಡೆಯಿಂದ ಬರುವುದು ಸಹಜ. ಉತ್ತರವೆಲ್ಲ ಚೌಕದಲ್ಲೇ ಸಿಕ್ಕಿಬಿಟ್ಟರೆ ಓದುಗ ತಾಣದೊಳಗೆ ಕಾಲಿಡುವುದಿಲ್ಲ, ಜಾಹೀರಾತೂ ನೋಡುವುದಿಲ್ಲ. 2020ರ ಜನವರಿಯಿಂದ ಚೌಕದಲ್ಲಿ ಬಂದ ಪುಟವನ್ನು ಮೊದಲ ಪುಟದ ಪಟ್ಟಿಯಲ್ಲಿ ಗೂಗಲ್ ಇನ್ನೊಮ್ಮೆ ತೋರಿಸುವುದೂ ಇಲ್ಲ. ಮುಂಚಿನಂತೆ ಎರಡು ಕಡೆ ಕಾಣಿಸಿಕೊಳ್ಳುವ ಲಾಭ ಹೋಯಿತು. ಈ ಆಕ್ಷೇಪವನ್ನು ನಾನು ತಳ್ಳಿಹಾಕಲಾರೆ. ಬೆಳೆದವನಿಗಿಂತ ಮಂಡಿಯವನಿಗೆ ಲಾಭವೆಂಬುದು ಅಡಿಕೆಯವರಿಗೆ ಹೊಸ ಸಂಗತಿಯೂ ಅಲ್ಲ. ಬೇಡವೆನ್ನುವವರು ತಮ್ಮ ಪುಟದ ಸಾಲುಗಳನ್ನು ಎತ್ತಿಕೊಳ್ಳಬಾರದೆಂದು, ಅಥವಾ ಇಂತಿಷ್ಟೇ ಅಕ್ಷರ ಎತ್ತಿಕೊಳ್ಳಬೇಕೆಂದು ಪುಟದ ಸಂಕೇತದಲ್ಲಿ ಸೂಚಿಸಲು ದಾರಿ ಇದೆ. ತನಿಖಾ ವರದಿಗೆ, ವಿಶೇಷ ಲೇಖನಕ್ಕೆ ಅದನ್ನು ಧಾರಾಳವಾಗಿ ಬಳಸಬಹುದು. ಮದ್ದಿನ ಪ್ರಮಾಣಕ್ಕೆ, ಕಾಯಿಲೆಯ ಲಕ್ಷಣಕ್ಕೆ ಅದನ್ನು ಬಳಸಬಾರದು ಎಂಬುದಷ್ಟೇ ನನ್ನ ವಾದ. ಅದಲ್ಲದೆ ನನ್ನ ಪುಟ್ಟ ತಾಣದ ಅನುಭವದಲ್ಲಿ, ಪ್ರಮಾಣ ತಿಳಿದು ಹೋದವರ ನಡುವೆಯೇ ಹಂತಗಳನ್ನು ಓದಲು ಒಳಗೆ ಬಂದವರೂ ಇದ್ದರು.

ಚೌಕದ ಕಾಲವೇ ಮುಗಿಯಿತು, ಈಗ ಕೃತಕ ಬುದ್ಧಿಮತ್ತೆಯೇ ಉತ್ತರ ಬರೆಯುತ್ತದೆ ಎನ್ನುವವರೂ ಇದ್ದಾರೆ. ಗೂಗಲ್ ಅಂಥ ಸಾರಾಂಶಗಳನ್ನು 2024ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ, ಆಗಸ್ಟಿನಲ್ಲಿ ಭಾರತದಲ್ಲಿ ಇಂಗ್ಲಿಷ್ ಮತ್ತು ಹಿಂದಿಗೆ ಆರಂಭಿಸಿತು. ಶುರುವಿನಲ್ಲೇ ಅದು ಪಿಜ್ಜಾದ ಚೀಸ್ ಜಾರದಿರಲು ಅಂಟು ಬೆರೆಸಿ ಎಂದು ಸಲಹೆ ಕೊಟ್ಟು ನಗೆಪಾಟಲಾಯಿತು. ಯಾರೋ ತಮಾಷೆಗೆ ಬರೆದದ್ದನ್ನು ನಿಜವೆಂದು ಹೆಕ್ಕಿಕೊಂಡದ್ದು ಕಾರಣ. ಅಂದರೆ ಅದೂ ಎಲ್ಲಿಂದಲೋ ಹೆಕ್ಕಲೇಬೇಕು. ಕನ್ನಡದಲ್ಲಿ ಹೆಕ್ಕಲು ಗಟ್ಟಿ ಕಾಳು ಇಲ್ಲದಿದ್ದರೆ ಅದು ಇಂಗ್ಲಿಷಿನದನ್ನು ಅನುವಾದಿಸಿ ಬಡಿಸುತ್ತದೆ, ಇಲ್ಲವೇ ಜೊಳ್ಳನ್ನೇ ಕೊಡುತ್ತದೆ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಇದು. ತಮ್ಮ ಪ್ರಶ್ನೋತ್ತರ ಅಂಕಣಗಳ ಹಳೆಯ ಸಂಚಿಕೆಗಳಿಂದ ಜನ ಮತ್ತೆ ಮತ್ತೆ ಕೇಳುವ ನೂರು ಪ್ರಶ್ನೆಗಳನ್ನು ಆರಿಸಿ, ಒಂದೊಂದಕ್ಕೂ ಒಂದು ಖಾಯಂ ಪುಟ ಮಾಡಿ. ಮೇಲೆ ಜನರ ಮಾತಿನಲ್ಲೇ ಪ್ರಶ್ನೆ, ಕೆಳಗೆ ಷರತ್ತುಗಳನ್ನು ಒಳಗೊಂಡ ನಾಲ್ಕು ಸಾಲಿನ ಉತ್ತರ, ಆಮೇಲೆ ವಿವರ, ಉತ್ತರಿಸಿದ ತಜ್ಞರ ಹೆಸರು, ಪರಿಷ್ಕರಿಸಿದ ದಿನಾಂಕ ಇರಲಿ. ಹೊಸ ಉತ್ತರ ಬಂದಾಗ ಹೊಸ ಪುಟ ತೆರೆಯದೆ ಹಳೆಯದನ್ನೇ ತಿದ್ದಿ. ಮೊದಲ ಕಂತಿನಲ್ಲಿ ಅಡಿಕೆ, ಕಾಳುಮೆಣಸು, ಮಂಗನ ಕಾಯಿಲೆ, ಹಾವಿನ ಕಡಿತ ಸೇರಿದರೆ ಮಲೆನಾಡಿನವರು ಋಣಿಯಾಗಿರುತ್ತೇವೆ. ಪ್ರಶ್ನೆಗಳನ್ನು ತೋಟದ ಕನ್ನಡಕ್ಕೆ ತರುವ ಕೆಲಸವನ್ನು, ಬೇಕಿದ್ದರೆ, ನಾನು ಸಂಭಾವನೆಯಿಲ್ಲದೆ ಮಾಡಿಕೊಡುತ್ತೇನೆ. ಕೊನೆಗೌಡನನ್ನೂ ಜೊತೆಗೆ ಕೂರಿಸಿಕೊಳ್ಳುತ್ತೇನೆ. ಮೇ ಕೊನೆಯೊಳಗೆ ಆದರೆ ಈ ಸಲದ ಮೊದಲ ಮದ್ದಿಗೇ ಅದು ಒದಗುತ್ತದೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಅಧ್ಯಾಪಕ ಮತ್ತು ಅಡಿಕೆ ಬೆಳೆಗಾರ,
ಶಿವಮೊಗ್ಗ ಜಿಲ್ಲೆ